ಗೋಡೆ ಬಿದ್ದ ಮೇಲೆ

ಹೊಸಪಾಳ್ಯ, ಹರದನಹಳ್ಳಿ ಅಂಚೆ,
ಚಾಮರಾಜನಗರ ತಾಲ್ಲೂಕು, ಮೈಸೂರು ಜಿಲ್ಲೆ
೯-೩-೧೯೯೭, ಭಾನುವಾರ

ಪ್ರೀತಿಯ ಮಗಳು ಭಾನುಗೆ, ನಿನ್ನ ಅಪ್ಪ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯವ್ವ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಕೈಯ ಉಗುರುಗಳು ಪೂರ್ತಿ ಬಂದವೇ? ಶಿವರಾತ್ರಿಗಾದರೂ ಬರುತ್ತೀಯೆಂದು ನಿನ್ನವ್ವ ಎರಡು ದಿನ ಬಸ್ಸಿನ ದಾರಿ ನೋಡಿದಳು. ಅಳಿಯಂದಿರು ಹೋದ ವಾರ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನಾನೇ ವಿಚಾರಿಸಿದೆ. ಕೇಳಿದ ಮೇಲೆ, ಮೋಡ ಕವಿದರೆ ಸಾಕು ನೀನು ಎದ್ದು ಅಂಗಳಕ್ಕೆ ಬಂದು ನಿಲ್ಲುತ್ತೀಯೆಂದೂ, ಒಳಗೆ ಮಲಗುವುದನ್ನೇ ಬಿಟ್ಟಿದ್ದೀಯೆಂದೂ, ಮನೆಯಲ್ಲಿರುವ ಮೂವರನ್ನು ದಿನಕ್ಕೆ ಹತ್ತು ಸಲ ಎಣಿಸುತ್ತೀಯೆಂದೂ ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು. ಶಂಕರ್ ಒಳ್ಳೆಯ ಮನುಷ್ಯ. ಅವರ ಮೇಲೆ ಬೇಸರಪಡಬೇಡ. ನನ್ನ ಎರಡು ಕಾಗದಕ್ಕೂ ನೀನು ಉತ್ತರ ಬರೆಯಲಿಲ್ಲ. ಅದಕ್ಕೂ ನನಗೆ ಸಿಟ್ಟಿಲ್ಲ. ಇದನ್ನು ಮಾತ್ರ ಕೊನೆಯ ತನಕ ಓದು.

ಇಲ್ಲಿ ನಿನ್ನವ್ವನ ಮಂಡಿನೋವು ಹಾಗೇ ಇದೆ. ಈ ಸಲ ಹುಣಸೆ ಚೆನ್ನಾಗಿ ಬಿಟ್ಟಿತ್ತು, ಬಡಿದು ಮುಗಿಸಿದೆವು. ನಿನ್ನಣ್ಣ ಮಹಾಲಿಂಗ ರೇಷ್ಮೆ ಸಾಕಾಣಿಕೆ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಾನೆ. ನಿನಗೆ ಹೇಳಬೇಕಾಗಿರುವುದು ಅವನ ಮಗಳು ಭವ್ಯಳ ವಿಷಯ. ನೀನು ಪಾಠ ಮಾಡುತ್ತಿದ್ದ ತರಗತಿಯಲ್ಲೇ ಇದ್ದ ಮಗು, ನಿನ್ನ ಸೆರಗು ಹಿಡಿದುಕೊಂಡೇ ಶಾಲೆಗೆ ಬರುತ್ತಿದ್ದ ಮಗು. ಅವಳನ್ನು ನೀನು ನೋಡಿ ಐದು ತಿಂಗಳಾಯಿತು.

ಅವತ್ತಿನ ದಿನವನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಚಿತ್ತೆ ಮಳೆ ಮೂರು ದಿನ ಬಿಡದೆ ಹುಯ್ದಿತ್ತು. ಶಾಲೆಯ ಗೋಡೆಯಿಂದ ಮಣ್ಣು ಉದುರುವುದನ್ನು ಕಂಡು ನೀನು ಮಕ್ಕಳನ್ನೆಲ್ಲ ಹೊಂಗೆಮರದಡಿಗೆ ಹೊರಡಿಸಿ, ತಲೆ ಮುಟ್ಟಿ ಮುಟ್ಟಿ ಮೂವತ್ತೊಂದು ಎಣಿಸಿದೆ. ಆಮೇಲೆ ಗೋಡೆ ಬಿತ್ತು. ಬಿದ್ದ ಮೇಲೆ ನೋಡಿದರೆ ಭವ್ಯಳ ಗೆಳತಿ ಅಫ್ರೀನ್ ಒಳಗಿದ್ದಳು, ಉಳಿಯಲಿಲ್ಲ. ವಿಚಾರಣೆಗೆ ಬಂದ ಸಾಹೇಬರ ಮುಂದೆ ನೀನು ಹೇಳಿದ್ದು ಒಂದೇ ಮಾತು: 'ನಾನು ಎಣಿಸಿದ್ದು ತಪ್ಪಾಯಿತು ಸಾರ್, ಮೂವತ್ತನ್ನೇ ಮೂವತ್ತೊಂದು ಅಂದುಕೊಂಡೆ.' ಅದೇ ಮಾತನ್ನು ನುಂಗಿಕೊಂಡು ಬೇಗೂರಿನ ಗಂಡನ ಮನೆಗೆ ಹೋದವಳು ನೀನು.

ನೀನು ಹೋದ ಮೇಲೆ ಭವ್ಯ ಮಾತು ಕಡಿಮೆ ಮಾಡಿದಳು. ಆಮೇಲೆ ಪೂರ್ತಿ ನಿಲ್ಲಿಸಿದಳು. ಸೂರಿನಡಿ ಕೂತು ಉಣ್ಣುತ್ತಿರಲಿಲ್ಲ. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳತೊಡಗಿದಳು. ಪಕ್ಕದವರ ಮನೆ ಕಟ್ಟಲು ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು ಸುರಿದಾಗ ಕಿರುಚಿಕೊಂಡು ಹೋಗಿ ಕೊಟ್ಟಿಗೆಯ ಮೂಲೆ ಸೇರಿದವಳನ್ನು ಹೊತ್ತು ಮುಳುಗುವ ತನಕ ಹೊರಗೆ ತರಲಾಗಲಿಲ್ಲ. ಎಲ್ಲಕ್ಕಿಂತ ನಮ್ಮನ್ನು ಹೆದರಿಸಿದ್ದು ಅವಳ ಆಟ. ಹಸಿಮಣ್ಣಿನಲ್ಲಿ ಗಿಡ್ಡ ಗೋಡೆ ಕಟ್ಟುವಳು, ಅದರಡಿ ಒಂದು ಜೋಳದ ಬೆಂಡನ್ನು ಮಲಗಿಸುವಳು, ಕೈಯಿಂದ ಗೋಡೆಯನ್ನು ಕೆಡವುವಳು. ಮತ್ತೆ ಕಟ್ಟುವಳು. ನಗುವಿಲ್ಲ, ಅಳುವಿಲ್ಲ. ನಿನ್ನವ್ವ ನೋಡಲಾರದೆ, 'ಅದೇನ್ ಆಟ ಆಡೀಯೇ ಮೂದೇವಿ, ಬುಡು ಅದ್ನ' ಎಂದು ಬೈದು ಕಾಲಿನಿಂದ ಅಳಿಸಿದಳು. ಮಗು ಹಿತ್ತಿಲಿಗೆ ಹೋಗಿ ಅಲ್ಲಿ ಕಟ್ಟಿತು. ಗಾಳಿ ಮೆಟ್ಟಿದೆ ಅಂದರು, ತಾಯತ ಕಟ್ಟಿಸಿದೆವು. ಹಟ ಅಂದರು, ಹೊಡೆದೆವು. 'ಹೊಡೆದೆವು' ಎಂದು ಬರೆದೆ. ಹೊಡೆದವನು ನಾನೇ. ಒದ್ದೆ ಹಾಸಿಗೆಯ ಮೇಲೆ ಕೂತಿದ್ದವಳ ಬೆನ್ನಿಗೆ ಒಂದೇಟು. ಅವಳು ಅಳಲಿಲ್ಲ. ಇನ್ನೊಂದು ಏಟಿಗೆ ಬೆನ್ನು ಕೊಟ್ಟು ಕಾಯುತ್ತಿದ್ದಳು.

ಆರೋಗ್ಯ ಕೇಂದ್ರದ ನರ್ಸಮ್ಮ ಬಾಣಂತಿಯೊಬ್ಬಳನ್ನು ನೋಡಲು ಬಂದವರು ಈ ಆಟವನ್ನು ಕಂಡು, ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಜನವರಿಯಲ್ಲಿ ಹೊರಟೆವು. ಬಸ್ಸಿನ ತಲೆಯ ಮೇಲೆ ಮೂಟೆ ಎತ್ತಿಹಾಕುವ ಸದ್ದಿಗೆ ಮಗು ಬಸ್ಸಿನಿಂದ ಇಳಿದು ಓಡಿತು. ಹಾಗಾಗಿ ಅಂದಿನಿಂದ ಪ್ರತಿ ಮಂಗಳವಾರ ಬೆಳಗಿನ ರೈಲಿಗೆ ಹೋಗುತ್ತಿದ್ದೇವೆ, ನಾನು ಮತ್ತು ಅವಳು. ಡಾಕ್ಟರು ಹೆಂಗಸು, ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೊದಲ ದಿನ ಸೂಜಿಯೂ ಇಲ್ಲ, ಮಾತ್ರೆಯೂ ಇಲ್ಲ. ನೆಲದ ಮೇಲೆ ಕೂತು ಒಂದು ಮುದ್ದೆ ಜೇಡಿಮಣ್ಣು ಕೊಟ್ಟರು. ಭವ್ಯ ಗೋಡೆ ಕಟ್ಟಿದಳು, ಕೆಡವಿದಳು. ಅವರು ಬೈಯಲಿಲ್ಲ, 'ಬಿದ್ದುಹೋಯ್ತಲ್ಲ' ಎಂದು ಮೆಲ್ಲಗೆ ಅಂದರು ಅಷ್ಟೆ. ಮಗು ತಲೆಯೆತ್ತಿ ಅವರ ಮುಖ ನೋಡಿತು. ಎಷ್ಟೋ ದಿನಕ್ಕೆ ಅದು ಒಬ್ಬರ ಮುಖವನ್ನು ನೋಡಿದ್ದು ಆಗಲೇ.

ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು. 'ಅಜ್ಜ, ಇದು ಗಾಳಿಯೂ ಅಲ್ಲ, ಹಟವೂ ಅಲ್ಲ. ನಿಮಗೆಲ್ಲ ಆ ಗೋಡೆ ಅಕ್ಟೋಬರಿನಲ್ಲಿ ಬಿದ್ದು ಮುಗಿದಿದೆ. ಅವಳಿಗೆ ಇನ್ನೂ ಬೀಳುತ್ತಾ ಇದೆ. ಒಂದು ಸದ್ದು, ಒಂದು ವಾಸನೆ ಸಾಕು, ಮೈ ಮತ್ತೆ ಅಲ್ಲಿಗೇ ಹೋಗಿಬಿಡುತ್ತೆ. ಬಾಯಲ್ಲಿ ಹೇಳಲಾಗದ್ದನ್ನ ಆಟದಲ್ಲಿ ಹೇಳ್ತಿದ್ದಾಳೆ.' ಇದು ದೊಡ್ಡವರಿಗೂ ಬರುತ್ತದೆ, ಆದರೆ ದೊಡ್ಡವರು ಆಟ ಆಡುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾರೆ, ಕುಡಿಯುತ್ತಾರೆ, ಸಿಡಿಯುತ್ತಾರೆ ಎಂದರು. ಅಷ್ಟು ಹೇಳಿದವರು ನನ್ನ ಕೈಯನ್ನು ನೋಡಿದರು. ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. 'ನೀವು ಫಾರೆಸ್ಟ್‌ನಲ್ಲಿದ್ದವರಲ್ವಾ ಅಜ್ಜ, ನಿಮಗೂ ಏನಾದರೂ ಆಗಿತ್ತಾ?' ಅಂದರು. ಮೂವತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಆ ಬೆಂಚಿನ ಮೇಲೆ ಕೂತು ಆ ಹೆಣ್ಣುಮಗಳಿಗೆ ಹೇಳಿದೆ. ಈಗ ನಿನಗೆ ಹೇಳುತ್ತೇನೆ.

ನಂಜಯ್ಯ ಮಾವನ ಹೆಸರನ್ನು ನೀನು ಕೇಳಿದ್ದೀಯ. ಮದ್ದೂರು ಫಾರೆಸ್ಟ್ ರೇಂಜಿನಲ್ಲಿ ನಾವಿಬ್ಬರೂ ಒಟ್ಟಿಗೆ ಕಾಡು ಕಾಯುವ ವಾಚರುಗಳಾಗಿ ಸೇರಿದವರು. ಆನೆ ತುಳಿದು ಸತ್ತ ಎಂದಷ್ಟೇ ನಿಮಗೆಲ್ಲ ಗೊತ್ತು. ಕಾಡಿಗೆ ಬೆಂಕಿ ಬೀಳದಂತೆ ತರಗು ಸವರುತ್ತಿದ್ದಾಗ ಬಿದಿರುಮೆಳೆ ಮುರಿದುಕೊಂಡು ಒಂಟಿ ಸಲಗ ಬಂತು. ನಾನು ಮತ್ತಿಮರ ಹತ್ತಿದೆ. ಅವನೂ ಹತ್ತುತ್ತಿದ್ದ, ಕಾಲು ಜಾರಿತು. 'ಕೈ ಕೊಡ್ಲಾ ಚಿಕ್ಕಮಾದ' ಅಂದ. ನಾನು ಕೊಂಬೆಯನ್ನು ತಬ್ಬಿದ ಕೈ ಬಿಡಲಿಲ್ಲ ಭಾನು. ಬಿಡಬೇಕೆಂದು ಮನಸ್ಸು ಹೇಳಿದರೂ ಕೈ ಬಿಡಲಿಲ್ಲ. ಸಂಜೆಯ ತನಕ ಮೇಲೆಯೇ ಕೂತು ಎಲ್ಲವನ್ನೂ ನೋಡಿದೆ. ಆಮೇಲಿಂದ ಏನಾದರೂ ಒಣಗಿದ್ದು ಲಟಕ್ಕೆಂದು ಮುರಿದರೆ ನಾನು ನಾನಾಗಿರುತ್ತಿರಲಿಲ್ಲ. ನಿನಗೆ ಏಳು ವರ್ಷವಿದ್ದಾಗ ನನ್ನನ್ನು ಬೆಚ್ಚಿಬೀಳಿಸಿ ನಗಬೇಕೆಂದು ಬೆನ್ನ ಹಿಂದೆ ಬಂದು ಜೋಳದ ದಂಟು ಮುರಿದೆಯಲ್ಲ. ತಿರುಗಿದವನೇ ಕೆನ್ನೆಗೆ ಬಾರಿಸಿದೆ. ನೀನು ಕಣಜದ ಕಟ್ಟೆಗೆ ಹೋಗಿ ಬಿದ್ದೆ. ಆಮೇಲೆ ಎಷ್ಟೋ ವರ್ಷ ನೀನು ನನ್ನ ಮುಂದೆ ಬರುವಾಗ ಮೊದಲೇ ಕೆಮ್ಮಿ ಸದ್ದು ಮಾಡಿ ಬರುತ್ತಿದ್ದೆ. ಅದು ನನಗೆ ಕಾಣುತ್ತಿತ್ತು. ಏನೂ ಹೇಳಲಿಲ್ಲ, ಹೆಂಡ ಕುಡಿದೆ. ಆ ಏಟು ನಿನಗೆ ಕೊಟ್ಟದ್ದಲ್ಲ ಮಗಳೇ. ಆದರೆ ಬಿದ್ದದ್ದು ನಿನಗೇ. ಈ ಮಾತನ್ನು ನಿನ್ನ ಮದುವೆಗೆ ಮುಂಚೆಯೇ ನಾನು ಹೇಳಬೇಕಾಗಿತ್ತು.

ಡಾಕ್ಟರು ಇದನ್ನು ಕೇಳಿ ನನಗೆ ಸಮಾಧಾನದ ಮಾತೇನೂ ಹೇಳಲಿಲ್ಲ. 'ನಿಮಗೆ ಆಗ ಯಾರೂ ಸಿಗಲಿಲ್ಲ. ಮಗುವಿಗೆ ನೀವಿದ್ದೀರಿ' ಎಂದರು. ನಾವು ಏನು ಮಾಡಬೇಕೆಂದು ಕಲಿಸಿದರು. 'ಮರೆತುಬಿಡು' ಅನ್ನಬಾರದು. ಕೇಳಿದರೆ ಸುಳ್ಳು ಹೇಳಬಾರದು. ಊಟ, ಸ್ನಾನ, ನಿದ್ದೆ ದಿನಾ ಒಂದೇ ಹೊತ್ತಿಗೆ ಆಗಬೇಕು. ಹೆದರಿಕೆ ಬಂದಾಗ ಪಾದವನ್ನು ನೆಲಕ್ಕೆ ಒತ್ತಿಸಿ, ಉಸಿರನ್ನು ನಿಧಾನವಾಗಿ ಬಿಡಿಸಿ, ಇವತ್ತು ಯಾವ ವಾರ, ಎದುರಿಗೆ ಏನೇನು ಕಾಣುತ್ತಿದೆ ಎಂದು ಕೇಳಬೇಕು. 'ಮಂಗ್ಳಾರ. ತಾತ. ರೈಲು. ಕಡ್ಲೆಕಾಯಿ' ಎಂದು ಈಚೆಗೆ ಅವಳು ಹೇಳುತ್ತಾ ಹೇಳುತ್ತಾ ಮೈಯ ಬಿಗಿ ಸಡಿಲುವುದನ್ನು ನಾನೇ ಕಂಡಿದ್ದೇನೆ. ಅವರು ಹೇಳಿದ ಅಭ್ಯಾಸದಂತೆ ಒಂದು ವಾರ ಮನೆಯ ಗೋಡೆಯಿಂದ ಹತ್ತು ಹೆಜ್ಜೆ ದೂರ ನಿಂತಳು, ಇನ್ನೊಂದು ವಾರ ಐದು. ಹೋದ ಬುಧವಾರ ಬೆರಳ ತುದಿಯಿಂದ ಮುಟ್ಟಿ ಕೈ ಎಳೆದುಕೊಂಡಳು. ಶಾಲೆಗೆ ಇನ್ನೂ ಹೋಗುತ್ತಿಲ್ಲ. ಪೂರ್ತಿ ವಾಸಿಯಾಯಿತೆಂದು ನಿನಗೆ ಸುಳ್ಳು ಬರೆಯಲಾರೆ.

ಐದನೆಯ ಸಲ ಹೋದಾಗ ಜೇಡಿಮಣ್ಣಿನ ಗೋಡೆಯ ಹೊರಗೆ ಅವಳು ಎರಡು ಗೊಂಬೆಗಳನ್ನು ನಿಲ್ಲಿಸಿದಳು. ಒಂದನ್ನು ಎತ್ತಿ ಒಳಗಿಟ್ಟಳು. ಡಾಕ್ಟರು, 'ಇವಳು ಹೊರಗಿದ್ದಳಾ?' ಎಂದು ಕೇಳಿದರು. ಆಗ ಮಾತು ಬಂತು, ಭಾನು. ಒಂದೇ ಉಸಿರಿಗೆ ಬಂತು. 'ಊಂ, ಈಚೆಗೆ ಬಂದಿದ್ಲು. ಅತ್ತೆ ಎಣಿಸಾಯ್ತು. ನನ್ ಬಳಪದ ಡಬ್ಬಿ ಒಳ್ಗೇ ಬುಟ್ಬುಟ್ಟಿದ್ದೆ. ತಕ್ಕಬಾ ಓಗು ಅಂತ ನಾನೇ ಅಂದೆ. ಹಿಂದಿನ್ ಬಾಗ್ಲಿಂದ ಒಳ್ಗೋದ್ಲು.' ಆಮೇಲೆ ನನ್ನ ಕಡೆ ತಿರುಗಿ, 'ನಾನೇ ಕಣ್ ತಾತ ಕಳ್ಸಿದ್ದು' ಎಂದಳು. ನಾಲ್ಕು ತಿಂಗಳು ಆ ಎಂಟು ವರ್ಷದ ಮಗು ಹೊತ್ತಿದ್ದು ಇದನ್ನು.

ನಿನ್ನ ಎಣಿಕೆ ಸರಿಯಾಗಿತ್ತು. ಮೂವತ್ತೊಂದೂ ಹೊರಗಿದ್ದವು. ನೀನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ.

ಇದನ್ನು ಆವತ್ತೇ ಬರೆಯಬಹುದಿತ್ತು. ಬರೆಯಲಾಗಲಿಲ್ಲ. ನಿನ್ನ ತಲೆಯ ಮೇಲಿನ ಕಲ್ಲನ್ನು ಇಳಿಸಿ ಮಗುವಿನ ತಲೆಗೆ ಇಟ್ಟಂತಾಗುತ್ತದಲ್ಲ ಎಂದು ಹೆದರಿದೆ. ಡಾಕ್ಟರೂ ಮಗುವಿನ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಬೇಡಿ ಎಂದಿದ್ದರು. ಶಿವರಾತ್ರಿಯ ದಿನ ಅವಳೇ ಒಪ್ಪಿದಳು, ಅದೂ ಅತ್ತೆಗೆ ಮಾತ್ರ. ಅಫ್ರೀನಳ ತಾಯಿ ಹಮೀದಾಗೆ ಇನ್ನೂ ಗೊತ್ತಿಲ್ಲ. ಆಕೆ ಎದುರಿಗೆ ಸಿಕ್ಕರೆ ಭವ್ಯ ನನ್ನ ಪಂಚೆಯ ಹಿಂದೆ ಅವಿತುಕೊಳ್ಳುತ್ತಾಳೆ. ಹಮೀದಾ ಪಾಪ, ತನ್ನ ಮಗಳ ನೆನಪಾಗಿ ಹೆದರುತ್ತದೆ ಎಂದುಕೊಂಡು ದೂರದಿಂದಲೇ ಹೋಗುತ್ತಾಳೆ. ಆಕೆಗೆ ಎಂದು, ಹೇಗೆ ಹೇಳುವುದೋ ನನಗೆ ತಿಳಿಯದು. ಆಕೆಯ ಗಂಡ ಅಪ್ಸರ್ ಪಾಷಾ ಮಾತ್ರ ತನ್ನ ಸೈಕಲ್ ಶಾಪಿನಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ನಿನಗೆ ಮುಟ್ಟಬೇಕು: 'ಮೇಷ್ಟ್ರಮ್ಮನ ಮ್ಯಾಲೆ ನಮ್ಗೇನಿಲ್ಲ ಅಯ್ಯ. ಬರಿಗೈಲಿ ಮಣ್ಣು ಬಗೀತಿದ್ರು, ಉಗುರು ಕಿತ್ತು ರಕ್ತ ಸುರೀತಿತ್ತು, ನಾನೇ ಅಲ್ವಾ ಅವ್ರನ್ನ ಎತ್ಕೊಂಡು ಈಚೆ ತಂದಿದ್ದು.'

ಬಳಪ ತಾ ಎಂದು ಗೆಳತಿಯನ್ನು ಕಳಿಸುವುದು ಎಂಟು ವರ್ಷದ ಮಗುವಿನ ತಪ್ಪಲ್ಲ ಎಂದು ನಾನು ಹೇಳಿದ್ದೇನೆ, ಡಾಕ್ಟರೂ ಹೇಳಿದ್ದಾರೆ. ಅವಳು ತಲೆ ಆಡಿಸುತ್ತಾಳೆ, ನಂಬುವುದಿಲ್ಲ. ಅತ್ತೆ ತನ್ನ ಮೇಲೆ ಸಿಟ್ಟಾಗಿಯೇ ಊರು ಬಿಟ್ಟು ಹೋದರೆಂದು ಅವಳು ತಿಳಿದಿದ್ದಾಳೆ. ಇದನ್ನು ಓದಿ ನಿನಗೆ ಅವಳ ಮೇಲೆ ಒಂದು ಕ್ಷಣ ಸಿಟ್ಟು ಬಂದರೂ ಬರಲಿ. ಅದು ಇಳಿಯುವ ತನಕ ಒಬ್ಬಳೇ ಕೂತು ಅತ್ತುಬಿಡು. ಆಮೇಲೆ ಅವಳ ವಯಸ್ಸನ್ನು ನೆನೆಸಿಕೋ.

ಶಂಕರ್‌ಗೆ, ನಿನ್ನ ಅತ್ತೆಯವರಿಗೆ ನಮ್ಮ ನಮಸ್ಕಾರ ತಿಳಿಸು. ನಿನ್ನವ್ವ ಹುಣಸೆಹಣ್ಣು ಕುಟ್ಟಿ ಉಂಡೆ ಕಟ್ಟಿಟ್ಟಿದ್ದಾಳೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಮಾದಪ್ಪ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ಚಿಕ್ಕಮಾದಯ್ಯ

ಮರೆತಿದ್ದು: ಮಹಾಲಿಂಗ ಪೇಟೆಗೆ ಹೊರಟು ಸೈಕಲ್ ಹಿಡಿದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಾಗದದ ಉತ್ತರ ಬೇಡ. ಹದಿನೆಂಟನೇ ತಾರೀಖು ಮಂಗಳವಾರ ನಾವು ಮತ್ತೆ ಹೋಗುತ್ತೇವೆ. ಬೇಗೂರಿನಿಂದ ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಬಂದು ಸ್ಟೇಷನ್ನಿನಲ್ಲಿ ನಮ್ಮ ರೈಲು ಹತ್ತು. ನಿನ್ನನ್ನೂ ನೋಡುತ್ತೇನೆಂದು ಡಾಕ್ಟರು ಹೇಳಿದ್ದಾರೆ, ನಾನೇ ಕೇಳಿಕೊಂಡೆ, ಬೈಯಬೇಡ. ನಾನು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದ ಭವ್ಯ ಈಗ ಕೇಳಿದಳು, 'ಗೊತ್ತಾದ್ಮೇಲೂ ಅತ್ತೆ ಬತ್ತಾರಾ ತಾತ?' ಬತ್ತಾರೆ ಕಣಮ್ಮಿ ಎಂದುಬಿಟ್ಟೆ. ನಿನ್ನನ್ನು ಕೇಳದೆ ಮಾತು ಕೊಟ್ಟಿದ್ದೇನೆ. ನಂಜನಗೂಡು ಬಂದಾಗ ಅವಳು ಪ್ಲಾಟ್‌ಫಾರಂ ಕಡೆಯ ಕಿಟಕಿಯಲ್ಲಿ ಕೂತಿರುತ್ತಾಳೆ.