ತಬೇಲಾಕ್ಕೆ ಬಂದ ಆಳು

೬-೩-೧೯೬೧, ಮುಂಜಾನೆ

ತಬೇಲಾದ ಲದ್ದಿ ತೆಗೆದೆ. ಎರಡೂ ಕುದುರೆಗಳ ಮೈ ತಿಕ್ಕಿದೆ. ಕಡಲೆ ನೆನೆಹಾಕಿದೆ. ಇವರು ಚಹಾ ಕುಡಿಯುತ್ತಾ ಅಂದರು, "ನಾಳಿಂದ ತಬೇಲಾಕ್ಕ ಆಳು ಬರ್ತಾನ. ಬಬಲೇಶ್ವರದ ಮಶಾಕಸಾಬ. ಪಗಾರ ಮಾತಾಡೇನಿ."

ಯಾಕೆ ಅಂದೆ.

"ಎರಡು ಕುದುರಿ ಆದ್ವು. ಸ್ಟೇಷನ್‌ದಾಗ ಟಾಂಗಾದವರು ನಗತಾರ, ಹೇಣ್ತಿ ಕೈಲೆ ಲದ್ದಿ ತೆಗಿಸ್ತಾನ ಅಂತ."

ಮದುವೆಯಾಗಿ ಬಂದಾಗಿನಿಂದ ತೆಗೆದಿದ್ದೇನೆ. ಆಗ ಯಾರೂ ನಗಲಿಲ್ಲವೇ? ಇವರಿಗೆ ಟಾಂಗಾದ ಮೇಲೆ ಕುಳಿತು ಲಗಾಮು ಹಿಡಿಯುವುದಷ್ಟೇ ಗೊತ್ತು. ಬಂದ ಕುದುರೆಯನ್ನು ಬಿಚ್ಚುವುದೂ ನಾನೇ. ನಾನು ಮಾಡಿದರೆ ಮನೆಗೆಲಸ, ಗಂಡಸು ಮಾಡಿದರೆ ಪಗಾರ! ಮೈಯೆಲ್ಲ ಉರಿಯುತ್ತಿದೆ.

೭-೩, ಸಂಜೆ

ಮಶಾಕಸಾಬ ಬಂದ. ಒಳ್ಳೆಯ ಮನುಷ್ಯ. ಬೈಯಲಿಕ್ಕೂ ಬರದಷ್ಟು ಒಳ್ಳೆಯವ — ಅದಕ್ಕೇ ಇನ್ನಷ್ಟು ಸಿಟ್ಟು. ಇಷ್ಟು ವರ್ಷ ಎತ್ತು ನೋಡಿಕೊಂಡವನಂತೆ. ಕುದುರೆಯ ಬಾಲದ ಹಿಂದೆಯೇ ನಿಂತು ಬೀಡಿ ಹಚ್ಚುತ್ತಾನೆ.

ಇವರು ಅವನಿಗೆ, "ತಿಳೀಲಿಲ್ಲಂದ್ರ ನಮ್ಮಾಕಿನ್ನ ಕೇಳು. ಎಲ್ಲಾ ಹೇಳಿಕೊಡ್ತಾಳ."

ಪಗಾರ ಅವನಿಗೆ, ಕಲಿಸುವುದು ನಾನು ಪುಕ್ಕಟೆ.

೧೦-೩

ನಮ್ಮ ಕೆಂಪು ಕುದುರೆ ಕೆಂಪಿ, ಟಾಂಗಾ ಎಳೆದುಕೊಂಡು ಭೂತನಾಳದಿಂದ ಓಡಿ ಬಂತು. ಇವರು ಲಗಾಮು ಮಶಾಕಸಾಬನ ಕೈಗೆ ಕೊಟ್ಟು ಚಹಾದಂಗಡಿಗೆ ಹೋದರು. ಅವನು ಟಾಂಗಾ ಬಿಚ್ಚಿದವನೇ ನೀರಿನ ಬಕೇಟು ಹಿಡಿದ. ಕೆಂಪಿಯ ಮೈಯಿಂದ ಬೆವರಿಳಿಯುತ್ತಿತ್ತು. ಬೆವರು ಆರುವ ಮೊದಲೇ ನೀರು ಕುಡಿಸುವುದು ಎತ್ತಿಗೆ ನಡೆದೀತು, ಕುದುರೆಗೆ? ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅರ್ಧ ಬಕೇಟು ಖಾಲಿ.

ಹೊಟ್ಟೆಶೂಲೆ. ನೆಲಕ್ಕೆ ಬಿದ್ದು ಹೊರಳಾಡಿತು, ಪಾಪ. ಎಬ್ಬಿಸಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಡ್ಡಾಡಿಸಿದೆ, ಲದ್ದಿ ಹಾಕುವ ತನಕ. ಆ ಲದ್ದಿ ನೋಡಿ, ಇನ್ನು ಬದುಕಿತು ಎಂದು ಓಣಿ ಮಂದಿಯ ಮುಂದೆ ಅತ್ತುಬಿಟ್ಟೆ.

ಇವರು ಬಂದರು. ಯಾಕಾಯಿತು ಎಂದು ಕೇಳಲಿಲ್ಲ. "ಆಳಿಗೆ ಮೊದಲ ಹೇಳಬಾರದೇನು?" ಅಂದರು. ತಪ್ಪೂ ನನ್ನದೇ!

೧೪-೩

ಮಶಾಕಸಾಬ ಬಿಟ್ಟು ಹೋದ. ಹೋಗುವಾಗ ಇವರ ಮುಂದೆಯೇ ನನ್ನ ಕಡೆ ಕೈಮಾಡಿ ಅಂದ, "ಇದು ಒಬ್ಬನ ಕೆಲಸ ಅಲ್ರಿ ಸಾವಕಾರ. ಇಬ್ಬರು ಬೇಕ್ರಿ. ಚಂದ್ರಾಬಾಯಾರು ಹೆಂಗ ಮಾಡತಿದ್ರೋ ಏನೋ."

ಇವರು ಕೆಮ್ಮಿದರು. ನನ್ನ ಕಡೆ ನೋಡಲಿಲ್ಲ.

೧೭-೩, ಸಂಜೆ

ಆಳು ಹುಡುಕಲು ಕೆಂಪಿಯನ್ನು ಹೂಡಿಕೊಂಡು ತಿಕೋಟಾಕ್ಕೆ ಹೋಗಿದ್ದರು. ಈಗ ಬಂದರು. ಒಬ್ಬರೇ.

"ಯಾರೂ ಸಿಗಲಿಲ್ಲ. ಆಳು ಸಿಗೂತನಕ ನೀನ ನೋಡ್ಕೋ."

"ಪಗಾರ ಮಾತಾಡ್ರಿ."

ನಕ್ಕರು. ನಾನು ನಗಲಿಲ್ಲ.

"ಹುಚ್ಚು ಹಿಡದೈತೇನ? ಮನ್ಯಾಕಿಗೆ ಎಂಥಾ ಪಗಾರ?"

"ಇಬ್ಬರ ಕೆಲಸ ಅಂದಾನಲ್ರಿ ಮಶಾಕಸಾಬ. ಇಬ್ಬರದು ಕೊಡ್ರಿ."

"ಕುದುರಿ ನಾನ ನೋಡ್ಕೋತೀನಿ!" ಬಾಗಿಲು ಧಡ್ ಎಂದಿತು.

ನೋಡಿಕೊಳ್ಳಲಿ. ಗೊತ್ತಾಗಲಿ. ನಾನು ಏಳುವುದಿಲ್ಲ. ಕೇಳದೆ ಒಂದು ಮಾತೂ ಹೇಳುವುದಿಲ್ಲ. ಇಲ್ಲೇ ಕುಳಿತು ಬರೆಯುತ್ತೇನೆ... ಕೆಂಪಿ ಕೆನೆಯುತ್ತಿದೆ. ಬಾವಿಯ ಗಾಲಿ ಕಿರುಗುಟ್ಟುತ್ತಿದೆ. ಬಕೇಟು ನೆಲಕ್ಕಿಟ್ಟ ಸದ್ದು.

ತಿಕೋಟಾದಿಂದ ಓಡಿ ಬಂದ ಕುದುರೆ. ಬೆವರು ಆರಿಲ್ಲ. ಇವರು ಈಗಲೇ ನೀರು—