ಸದ್ದಿಲ್ಲದ ದೋಣಿಗೆ ಬಿದ್ದ ಬೀಗ

ಜಲಸಾರಿಗೆ ಪರವಾನಗಿ ಅಧಿಕಾರಿಗಳೇ,

ನೀವು ಬೀಗ ಹಾಕಿಸಿರುವ ದೋಣಿ ನನ್ನದು. ಅದರ ಅಪರಾಧವನ್ನು ನಿಮ್ಮ ಆದೇಶದ ಮಾತಿನಲ್ಲೇ ಹೇಳುವುದಾದರೆ, "ಚಾಲನೆಯಲ್ಲಿರುವಾಗ ಸಾಕಷ್ಟು ಶಬ್ದ ಹೊರಡಿಸದಿರುವುದು". ಗಲಾಟೆ ಮಾಡಿ ಸಿಕ್ಕಿಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ; ಸುಮ್ಮನಿದ್ದುದಕ್ಕೆ ಶಿಕ್ಷೆಯಾದದ್ದು ಬಹುಶಃ ನನ್ನ ದೋಣಿಗೆ ಮಾತ್ರ. ನಗು ಬರುವ ಮಾತೇ. ಆದರೆ ನಗುವ ಸ್ಥಿತಿಯಲ್ಲಿ ನಮ್ಮ ಮನೆಯವರು ಯಾರೂ ಇಲ್ಲ. ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸಾಕಾಗಿ, ಊರೆಲ್ಲ ಓದಲೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ನದಿ ದಂಡೆಯ ಶೆಡ್ಡಿನಲ್ಲಿ ದೋಣಿಗಳ ಎಂಜಿನ್ನು, ಪ್ರೊಪೆಲ್ಲರುಗಳನ್ನು ಜೋಡಿಸುವವಳು. ನನ್ನ ಅಣ್ಣ ಜನರನ್ನು ಆಚೆ ದಡಕ್ಕೆ ದಾಟಿಸುವ ಡೀಸೆಲ್ ದೋಣಿಯ ಚಾಲಕ. ಅತ್ತಿಗೆ ಅದೇ ದೋಣಿಯಲ್ಲಿ ಟಿಕೆಟ್ ಹರಿದುಕೊಟ್ಟು, ದಡ ಬಂದಾಗ ಹಿಂಬದಿಗೆ ಹೋಗಿ ಹಗ್ಗ ಎಸೆಯುತ್ತಿದ್ದರು. ಆ ಎಂಜಿನ್ನಿನ ಗದ್ದಲದಲ್ಲಿ ಗಂಡ ಹೆಂಡತಿ ಜಗಳವಾಡಬೇಕೆಂದರೂ ದಡ ಸೇರುವವರೆಗೆ ಕಾಯಬೇಕಿತ್ತು. "ಅರ್ಧ ದಾರೀಲಿ ಬಂದ ಸಿಟ್ಟು ಇಳಿಯೋ ಹೊತ್ತಿಗೆ ಮರ್ತೇ ಹೋಗಿರುತ್ತೆ" ಎಂದು ಅತ್ತಿಗೆ ನಗುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ, ದಡಕ್ಕೆ ತಾಗುವಾಗ ದೋಣಿ ಓಲಾಡಿ ಅತ್ತಿಗೆ ಹಿಂಬದಿಯಿಂದ ನೀರಿಗೆ ಜಾರಿದರು. ಅವರಿಗೆ ಈಜು ಬರುತ್ತಿತ್ತು. ದೋಣಿಯ ಅಂಚು ಹಿಡಿದು ಕೂಗಿದರು. ಪ್ರಯಾಣಿಕರೂ ಕೂಗಿದರು. ಮುಂದೆ ಚುಕ್ಕಾಣಿ ಹಿಡಿದಿದ್ದ ಅಣ್ಣನಿಗೆ ಏನೂ ಕೇಳಿಸಲಿಲ್ಲ. ದೋಣಿಯನ್ನು ನೇರ ಮಾಡಲೆಂದು ಹಿಂದಕ್ಕೆ ತೆಗೆದ.

ಅತ್ತಿಗೆ ಬದುಕಿದರು. ಪ್ರೊಪೆಲ್ಲರಿಗೆ ಸಿಕ್ಕಿದ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರವಾದಾಗ ಅಣ್ಣ ಮಂಚದ ಸರಳು ಹಿಡಿದು ನಿಂತಿದ್ದ.

"ಕೂಗಬಾರದಿತ್ತಾ?" ಎಂದ.

"ಕೂಗಿದೆ ಕಣ್ರೀ. ನಿಮ್ಮ ಹೆಸರು ಹಿಡಿದೇ ಕೂಗಿದೆ."

ಅಣ್ಣ ಹೊರಗೆ ಹೋಗಿ ಗೋಡೆಗೆ ಒರಗಿ ಕುಳಿತ. ಅತ್ತಿಗೆ ನನ್ನ ಕಡೆ ತಿರುಗಿ, "ಆ ಎಂಜಿನ್ ಬಾಯಿ ಮುಚ್ಚಿಸೋಕೆ ಆಗುತ್ತಾ ನಿನ್ನ ಕೈಲಿ?" ಎಂದು ಕೇಳಿದರು. ನಮ್ಮ ದೋಣಿ ಹುಟ್ಟಿದ್ದು ಹೀಗೆ, ಮಾನ್ಯರೇ.

ಚಿಕ್ಕ ಪ್ರೊಪೆಲ್ಲರನ್ನು ವಿಪರೀತ ವೇಗದಲ್ಲಿ ತಿರುಗಿಸಿದರೆ ಅದು ನೀರನ್ನು ತಳ್ಳುವ ಬದಲು ಕಡೆಯತೊಡಗುತ್ತದೆ. ರೆಕ್ಕೆಗಳ ಬೆನ್ನಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ. ಶಕ್ತಿಯೆಲ್ಲ ಸದ್ದಿಗೂ ನಡುಕಕ್ಕೂ ಸೋರಿಹೋಗುತ್ತದೆ. ದೊಡ್ಡದೊಂದು ನಿಧಾನವಾಗಿ ತಿರುಗಿದರೆ ಅದೇ ಕೆಲಸ ಕಡಿಮೆ ಶಕ್ತಿಯಲ್ಲಿ, ತಣ್ಣಗೆ ಆಗುತ್ತದೆ. ಇದನ್ನು ನಾನು ಕಂಡುಹಿಡಿದೆನೆಂದು ಹೇಳುತ್ತಿಲ್ಲ, ಪುಸ್ತಕಗಳಲ್ಲೇ ಇದೆ. ನಮ್ಮ ನದಿಯ ಆಳಕ್ಕೂ ಸೆಳವಿಗೂ ಅದನ್ನು ಹೊಂದಿಸುವುದರಲ್ಲಿ ಜೀವ ಹಣ್ಣಾಯಿತು. ನಾನು ಮಾಡಿದ ಮೊದಲನೆಯ ಪ್ರೊಪೆಲ್ಲರು ಮರಳಿಗೆ ತಾಗಿ ಸೊಟ್ಟಗಾಯಿತು. ಎರಡನೆಯದು ಬೆಲ್ಟನ್ನೇ ಕಿತ್ತು ಎಸೆಯಿತು. ಕೊನೆಗೂ ಒಂದು ಕೂಡಿಬಂತು: ಬ್ಯಾಟರಿ ಮೋಟರು, ಹಲ್ಲಿನ ಬೆಲ್ಟು, ಅಗಲ ರೆಕ್ಕೆಗಳು, ಅವುಗಳ ಸುತ್ತ ಕೈಕಾಲು ಸಿಕ್ಕದಂತೆ ಕಬ್ಬಿಣದ ಬಳೆ ಮತ್ತು ಸರಳುಗಳು. ರೆಕ್ಕೆಯ ಅಂಚುಗಳನ್ನು ಉಜ್ಜಿ ನಯಗೊಳಿಸಿದವರು ಅತ್ತಿಗೆ. ಊರುಗೋಲು ಪಕ್ಕಕ್ಕಿಟ್ಟು, ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದರು. "ನೀವ್ಯಾಕೆ?" ಎಂದು ನಾನು ಕೇಳಿದರೆ, "ಇದರ ಜೊತೆ ನನಗೊಂದು ಹಳೇ ಜಗಳ ಇದೆ, ಬಿಡು" ಎನ್ನುತ್ತಿದ್ದರು.

ಮೊದಲ ಸಲ ಓಡಿಸಿದ ದಿನ ಅತ್ತಿಗೆ ಹಿಂಬದಿಯಲ್ಲಿ ಕಂಬ ಹಿಡಿದು ನಿಂತು, ಮನೆಯೊಳಗೆ ಮಾತಾಡುವ ದನಿಯಲ್ಲಿ, "ರೀ, ಕೇಳಿಸ್ತಾ?" ಎಂದರು. ಅಣ್ಣ ತಿರುಗಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡ. "ಕೇಳಿಸ್ತು" ಎಂದ.

ಪರೀಕ್ಷೆಗೆ ನಿಮ್ಮ ಇನ್‌ಸ್ಪೆಕ್ಟರರೂ ಬಂದಿದ್ದರು. ಒಳ್ಳೆಯ ಮನುಷ್ಯ. ಕುಳಿತು ಮೋಟರು ಬೆಲ್ಟುಗಳನ್ನೆಲ್ಲ ಬಗ್ಗಿ ನೋಡಿ, "ಸರಿ, ಯಾವಾಗ ಸ್ಟಾರ್ಟ್ ಮಾಡ್ತೀರಮ್ಮ?" ಎಂದರು. "ಹೊಳೆ ಮಧ್ಯ ಇದೀವಿ ಸರ್" ಎಂದೆ. ತಲೆಯೆತ್ತಿ ಎರಡೂ ದಡ ನೋಡಿ ಗಟ್ಟಿಯಾಗಿ ನಕ್ಕುಬಿಟ್ಟರು. ಅವರು ಒಳ್ಳೆಯದನ್ನೇ ಬರೆದು ಕಳಿಸಿದರು. ಅದನ್ನು ಓದಿದ ಮೇಲೂ ನೀವು ಬೀಗ ಕಳಿಸಿದಿರಿ.

ದೋಣಿ ಬರುವುದು ಈಜುವವರಿಗೆ ಗೊತ್ತಾಗುವುದಿಲ್ಲ ಎಂದಿರಿ. ಅದು ನ್ಯಾಯದ ಮಾತು, ಒಪ್ಪಿದೆ. ಗಂಟೆಯನ್ನೂ ಹಾರ್ನನ್ನೂ ಹಾಕಿದೆ. ಆಗ, ಈ ಯಂತ್ರ ಅನುಮೋದಿತ ಪಟ್ಟಿಯಲ್ಲಿಲ್ಲ ಎಂದಿರಿ. ಪಟ್ಟಿಗೆ ಸೇರಬೇಕಾದರೆ ಒಂದು ವರ್ಷ ನದಿಯಲ್ಲಿ ಓಡಿರಬೇಕಂತೆ. ನದಿಯಲ್ಲಿ ಓಡಬೇಕಾದರೆ ಪಟ್ಟಿಯಲ್ಲಿರಬೇಕಂತೆ. ಹಾಗಾದರೆ ಆ ಪಟ್ಟಿಯ ಮೊಟ್ಟಮೊದಲ ಯಂತ್ರ ಎಲ್ಲಿ ಓಡಿತ್ತು, ಸ್ವಾಮಿ? ತಮ್ಮ ಮೇಜಿನ ಮೇಲೆಯೇ?

ಇತ್ತ, ಅತ್ತಿಗೆಯ ಕಾಲು ತೆಗೆದ ದೋಣಿಯ ಕಾಗದಪತ್ರಗಳೆಲ್ಲ ಸರಿಯಾಗಿವೆ. ಅದು ದಿನವೂ ಓಡುತ್ತಿದೆ. ಹೊಟ್ಟೆಪಾಡಿಗೆ ಅಣ್ಣ ಅದಕ್ಕೇ ಮರಳಿದ. ಹಿಂಬದಿಯಲ್ಲಿ ಈಗ ಹಗ್ಗ ಎಸೆಯುವವಳು ಅತ್ತಿಗೆಯ ತಂಗಿ. ದಡ ಬಂದಾಗಲೆಲ್ಲ ಅಣ್ಣ ಎಂಜಿನ್ ಪೂರ್ತಿ ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಮುಂದುವರಿಯುತ್ತಿದ್ದ. ಅಷ್ಟರಲ್ಲಿ ಸೆಳವು ದೋಣಿಯನ್ನು ಎಳೆದೊಯ್ಯುತ್ತಿತ್ತು, ಜನ ಬೈಯುತ್ತಿದ್ದರು. "ವಿನಾಕಾರಣ ವಿಳಂಬ" ಎಂದು ನಿಮ್ಮ ಕಚೇರಿ ಅವನಿಗೆ ನೋಟಿಸ್ ಕೊಟ್ಟಿತು. ವಿನಾಕಾರಣ! ಕಾರಣ ನಮ್ಮ ಮನೆಯಲ್ಲಿ ಒಂಟಿ ಕಾಲಿನಲ್ಲಿ ಅಡುಗೆ ಮಾಡುತ್ತಿದೆ.

ಮೊನ್ನೆ ಅಣ್ಣ ಡೀಸೆಲ್ ದೋಣಿಯ ಕೀಲಿಯನ್ನು ದಡದ ಕಟ್ಟೆಯ ಮೇಲಿಟ್ಟು ಮನೆಗೆ ಬಂದುಬಿಟ್ಟ. "ನನ್ನ ಕೈಲಾಗಲ್ಲ ಕಣೇ. ಹಿಂದಕ್ಕೆ ತೆಗೆದಾಗೆಲ್ಲ ಅವಳು ಕೂಗಿದ ಹಾಗಾಗುತ್ತೆ" ಎಂದ. ಅಂದಿನಿಂದ ಗೋಡೆ ನೋಡುತ್ತ ಕೂತಿದ್ದಾನೆ. ಹೊಸ ಚಾಲಕ ಎಂಜಿನ್ ನಿಲ್ಲಿಸುವುದಿಲ್ಲ, ವಿಳಂಬವೂ ಇಲ್ಲ. ಅತ್ತಿಗೆ ಮಾತ್ರ ದೋಣಿ ದಡಕ್ಕೆ ಬರುವ ಹೊತ್ತಿಗೆಲ್ಲ ಒಲೆ ಆರಿಸಿ, ಹೊಳೆ ಕಾಣುವ ಬಾಗಿಲಿಗೆ ಬಂದು ನಿಲ್ಲುತ್ತಾರೆ. ತಂಗಿ ಇಳಿದದ್ದು ಕಂಡ ಮೇಲೆ ಒಳಗೆ ಹೋಗುತ್ತಾರೆ.

ಬೇಡಿಕೊಳ್ಳುತ್ತೇನೆ. ಬೀಗ ತೆಗೆಸಿ, ಪ್ರಯಾಣಿಕರಿಲ್ಲದೆ ಒಂದು ವರ್ಷ ಓಡಿಸಿ ತೋರಿಸಲು ನನಗೆ ಅನುಮತಿ ಕೊಡಿ. ಅದು ಆಗುವವರೆಗೆ, ಇರುವ ದೋಣಿಗಳ ಹಿಂಬದಿಯಲ್ಲಿ, ನೀರಿಗೆ ಬಿದ್ದವರ ಕೈಗೂ ಎಟಕುವಂತೆ, ಎಂಜಿನ್ ನಿಲ್ಲಿಸುವ ಒಂದು ಗುಂಡಿ ಇರಲೇಬೇಕೆಂದು ಇವತ್ತೇ ಆದೇಶಿಸಿ. ಒಂದು ಗುಂಡಿ, ಒಂದು ತಂತಿ, ಅಷ್ಟೇ. ಎಲ್ಲ ದೋಣಿಗಳಿಗೂ ನಾನೇ ಬಂದು ಜೋಡಿಸಿಕೊಡುತ್ತೇನೆ. ಗುಂಡಿಯೂ ಪಟ್ಟಿಯಲ್ಲಿಲ್ಲ ಎನ್ನಬೇಡಿ. ನಾಳೆ ಬೆಳಿಗ್ಗೆ ಆ ಹುಡುಗಿ ಮತ್ತೆ ಹಗ್ಗ ಹಿಡಿದು ಹಿಂಬದಿಗೆ ಹೋಗುತ್ತಾಳೆ.

ಇಂತಿ,
ತಮ್ಮ ಉತ್ತರದ ದಾರಿ ಕಾಯುತ್ತ ಬೀಗದ ಮುಂದೆ ಕೂತಿರುವ,
ನದಿ ದಂಡೆಯ ದೋಣಿ ರಿಪೇರಿಯವಳು