ಸುಮ್ಮನಿದ್ದ ಕಣಗಳು

ಆಗಸ್ಟ್ 17, ಬೆಳಿಗ್ಗೆ

‘ಗಾಳಿ ಯಾರನ್ನೂ ನೆನಪಿಡುವುದಿಲ್ಲ’ — ಹೀಗೇ ಇತ್ತೇ ಎಂದೋ ಓದಿದ ಆ ಸಾಲು? ‘ಏನನ್ನೂ’ ಇರಬೇಕು. ಪುಸ್ತಕ ಸಿಗಲಿಲ್ಲ. ಹೇಗಿದ್ದರೂ ಅರ್ಧ ಸತ್ಯ. ಗಾಳಿ ಮರೆಯಲಿ, ಅದನ್ನು ಒಳಗೆಳೆದುಕೊಂಡವರ ರಕ್ತ ಮರೆಯುವುದಿಲ್ಲ. ಲ್ಯಾಬಿನಲ್ಲಿ ನನ್ನ ಕೆಲಸವೇ ಅದು: ರಕ್ತಕಣಗಳಿಗೆ ಒಂದೊಂದೇ ಧೂಳು ತೋರಿಸಿ, ಯಾವುದಕ್ಕೆ ಕೆರಳುತ್ತವೆ ಎಂದು ನೋಡುವುದು.

ಮೆಟ್ಟಿಲ ಮೇಲೆ ಕೆಳಮನೆಯ ತೆಕ್ಲಾ. ನಡುವೆ ನಿಂತು ಉಸಿರು ಸುಧಾರಿಸಿಕೊಂಡಳು. ಮದುವೆಗೆ ಮೊದಲಿನಿಂದ ಬೇಕರಿ ಕೆಲಸ. ಚರ್ಮಕ್ಕೆ ಚುಚ್ಚಿ ಪರೀಕ್ಷಿಸುವಂತಿಲ್ಲ — ಉಗುರು ತಾಗಿದರೂ ದದ್ದು. ಅದಕ್ಕೇ ಡಾಕ್ಟರು ನಮ್ಮ ಲ್ಯಾಬಿಗೆ ಬರೆದಿದ್ದಾರೆ. ಹಿಟ್ಟಿನ ಅಲರ್ಜಿ ಎಂದಾದರೆ ಒಲೆ ಬಿಡಬೇಕು. ರ್‍ಯಾಗ್‌ವೀಡ್ ಕಳೆಯ ಪರಾಗ ಎಂದಾದರೆ ಔಷಧಿಯಲ್ಲಿ ದಾಟಬಹುದು.

“ಕಳೆ ಅಂತಲೇ ಬರಿ, ಎಮೆಕೆ. ಇಡೀ ಸೆಗೆದ್ ಊರೇ ಸೀನ್ತಿದೆ, ನಾನೊಬ್ಳು ಜಾಸ್ತಿಯಾದ್ರೆ ಏನ್ ಮಹಾ?”

“ನಾನು ಬರೆಯೋದಲ್ಲ, ನಿನ್ ರಕ್ತ ಹೇಳೋದು.”

“ಅದಕ್ಕೂ ಸ್ವಲ್ಪ ಬುದ್ಧಿ ಹೇಳು ಮತ್ತೆ!”

ಆಗಸ್ಟ್ 21

ನಿನ್ನೆ ಹೊಸ ಬ್ರೆಡ್ಡಿನ ಹಬ್ಬ. ಊರಿಗೆಲ್ಲ ರಜೆ, ನಮಗೂ. ತೆಕ್ಲಾಳ ರಕ್ತ ತೆಗೆದದ್ದು ಹಬ್ಬದ ಹಿಂದಿನ ಸಂಜೆ... ಬ್ರೆಡ್ಡಿನ ಗಡಿಬಿಡಿಯಲ್ಲಿ ಅವಳಿಗೆ ಬಿಡುವಾದದ್ದೇ ಆಗ. ಅದೇ ದಿನ ನೋಡಬೇಕಾದ ರಕ್ತ. ಬೀಗ ಹಾಕಿದ ಲ್ಯಾಬಿನಲ್ಲಿ ಹಬ್ಬವಿಡೀ ಕೂತಿತ್ತು.

ಇಂದು ನೋಡಿದರೆ ಗೋಧಿ, ರೈ ಧಾನ್ಯ, ಕಳೆ, ಮನೆಧೂಳು — ಯಾವುದಕ್ಕೂ ಕಣಗಳು ಮಿಸುಕಲಿಲ್ಲ. ಲ್ಯಾಬಿನ ಜೊತೆಗಾರ ಬರ್ನಬಾಶ್ ಆಗಲೇ ಅವಳಿಗೆ ಫೋನ್ ಮಾಡಿ ಶುಭ ಸುದ್ದಿ ಹೇಳಿಬಿಟ್ಟಿದ್ದ. ನಾನು ಕಂಟ್ರೋಲ್ ನೋಡಿದೆ. ಜೀವಂತ ಕಣಗಳನ್ನು ಕೆರಳಿಸಲೆಂದೇ ಹಾಕುವ ಮದ್ದು ಅದು. ಅದಕ್ಕೂ ಸುಮ್ಮನೆ.

“ನೆಗೆಟಿವ್ ಅಂದ್ರೆ ನೆಗೆಟಿವ್. ಅದರಲ್ಲೂ ಕವಿತೆ ಹುಡುಕ್ಬೇಡ ಮಾರಾಯ್ತಿ.”

“ನಿದ್ದೆಯಲ್ಲಿರೋರನ್ನ ಕೇಳಿ, ‘ಇಲ್ಲ ಅಂದ್ರು’ ಅಂತ ಬರೀತೀಯಾ?”

ಆ ವರದಿಗೆ ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ.

ಆಗಸ್ಟ್ 22, ಸಂಜೆ

ಕೆಳಗೆ ತೆಕ್ಲಾಳ ಮನೆಗೆ ಹೋದೆ. ಮೇಜಿನ ಮೇಲೆ ಹಬ್ಬಕ್ಕೆಂದು ಬಾವುಟದ ಮೂರು ಬಣ್ಣದ ರಿಬ್ಬನ್ ಕಟ್ಟಿದ ಬ್ರೆಡ್ಡು. ನಗುತ್ತಿದ್ದವಳು ನನ್ನ ಮಾತು ಕೇಳಿ ಚಾಕು ಕೆಳಗಿಟ್ಟಳು.

“ಒಳ್ಳೇ ಸುದ್ದಿ ಬಂದಿದೆ. ಕೆದಕ್ಬೇಡ.”

“ಅದು ಸುದ್ದಿಯೇ ಅಲ್ಲ, ತೆಕ್ಲಾ. ರಕ್ತ ಹಳಸಿತ್ತು.”

“ರಕ್ತ ಹೀರೋಳೇ! ನಿಂಗೆ ಇನ್ನೊಂದ್ ಟ್ಯೂಬ್ ಬೇಕು, ಅಷ್ಟೇ.” ಕೆಮ್ಮು ಬಂತು. ನಿಲ್ಲಲಿಲ್ಲ. ಬೆನ್ನು ಸವರಿದೆ. ನಾನು ಎದ್ದು ಬರಲಿಲ್ಲ.

ಹಿಟ್ಟು ಬಿಟ್ಟು ಬೇಕರಿಯಲ್ಲಿ ಇನ್ನೇನು ಹಾರುತ್ತದೆ ಎಂದು ಕೇಳಿದೆ.

“ಎಳ್ಳಿನ ಸಿಪ್ಪೆ. ಯಜಮಾನನ ಬೈಗುಳ.” ಆಮೇಲೆ, ತಡೆದು: “ಡಬ್ಬಿಯ ಪುಡಿ. ಹೊಸ ಯಜಮಾನ ತಂದಿದ್ದು. ಬ್ರೆಡ್ಡು ಬೇಗ ಉಬ್ಬುತ್ತೆ.”

“ಕೆಮ್ಮು ಶುರುವಾಗಿದ್ದೂ ಅವಾಗ್ಲೇನಾ?”

ಅವಳು ಒಂದು ಹೋಳು ಕತ್ತರಿಸಿ ನನ್ನ ಮುಂದೆ ತಳ್ಳಿದಳು.

ಆಗಸ್ಟ್ 27

ಕೊನೆಗೂ ತೆಕ್ಲಾ ಲ್ಯಾಬಿಗೆ ಬಂದಳು. ಮುಖ ಬಿಗಿದುಕೊಂಡು ತೋಳು ಚಾಚಿದಳು. ರಕ್ತ ಇನ್ನೂ ಬೆಚ್ಚಗಿರುವಾಗಲೇ ಕೆಲಸ ಹಿಡಿದೆ.

ಕಂಟ್ರೋಲ್‌ಗೆ ಕಣಗಳು ಎದ್ದು ನಿಂತವು. ಗೋಧಿ — ಇಲ್ಲ. ರೈ — ಇಲ್ಲ. ಕಳೆಗೆ ಚೂರು. ಈ ಬಾರಿ ಹೊಸದಾಗಿ ಸೇರಿಸಿದ್ದ, ಡಬ್ಬಿಯ ಪುಡಿಯಲ್ಲಿರುವ ಬೂಷ್ಟಿನ ಕಿಣ್ವಕ್ಕೆ ಮಾತ್ರ ಧಗ್ಗನೆ! ನಂಬದೆ ಮತ್ತೊಮ್ಮೆ ಮಾಡಿದೆ. ಅದೇ. ಬರ್ನಬಾಶ್ ಪೆನ್ನು ಚಾಚಿದ. ಈ ಬಾರಿ ಸಹಿ ಹಾಕಿದೆ. ಡಾಕ್ಟರು ಇನ್ನೂ ಉಸಿರಿನ ಪರೀಕ್ಷೆ ಮಾಡಬೇಕು, ಕೊನೆಯ ಮಾತು ಅವರದು. ಆದರೆ ಹಿಟ್ಟಿನ ‘ಇಲ್ಲ’ ಇಂದು ಎಚ್ಚರದಲ್ಲಿ ಹೇಳಿದ ‘ಇಲ್ಲ’.

ತೆಕ್ಲಾಳಿಗೆ ಫೋನ್‌ನಲ್ಲಿ ಎಲ್ಲ ಹೇಳಿದೆ. ಕೇಳಿದವಳೇ ಫೋನ್ ಇಟ್ಟುಬಿಟ್ಟಳು.

ಸಂಜೆ. ಇಷ್ಟು ಬರೆಯುವಾಗ ಬಾಗಿಲು ಬಡಿದರು... ಅವಳೇ. ಏಪ್ರನ್ ಕಟ್ಟಿಕೊಂಡೇ ನಿಂತಿದ್ದಾಳೆ. ಒಳಗೆ ಬರಲೊಲ್ಲಳು —

“ಒಲೆ ಬಿಟ್ಟು ಹೋಗೋದು ನಾನಲ್ಲ, ಆ ಡಬ್ಬಿ. ಯಜಮಾನ ಇನ್ನೂ ಅಂಗಡೀಲೇ ಇದಾನೆ. ಬರೆದಿದ್ದು ಸಾಕು, ಶೂ ಹಾಕ್ಕೋ.”